ಪಾಳಿ ಬದಲಾಗದ ಆರೈಕೆ: ಹಿರಿಯರ ಬೈಪೋಲಾರ್ ಕಾಯಿಲೆ ಮತ್ತು ಮನೆಯವರ ಬಳಲಿಕೆ

ಕಾರವಾರ ತಾಲ್ಲೂಕಿನ ಮಲ್ಲಾಪುರ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಕೈಗಾ ಪರಮಾಣು ವಿದ್ಯುತ್ ಸ್ಥಾವರ. ಸ್ಥಾವರದ ನೌಕರರ ವಸತಿ ಬಡಾವಣೆ ಇರುವುದು ಈ ಊರಿನಲ್ಲೇ. ಕೈಗಾದ ಒಂದನೆಯ ಘಟಕ 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ್ 31ರವರೆಗೆ, ಅಂದರೆ 962 ದಿನಗಳ ಕಾಲ, ಒಮ್ಮೆಯೂ ನಿಲ್ಲದೆ ವಿದ್ಯುತ್ ಉತ್ಪಾದಿಸಿತು. ಅದು ಆಗಿನ ವಿಶ್ವದಾಖಲೆ. ಯಂತ್ರವೇನೋ ನಿಲ್ಲದೆ ಓಡಿತು. ಆದರೆ ಅದನ್ನು ನೋಡಿಕೊಳ್ಳುತ್ತಿದ್ದ ಯಾವ ಮನುಷ್ಯನೂ 962 ದಿನ ಎಡೆಬಿಡದೆ ದುಡಿಯಲಿಲ್ಲ. ಪಾಳಿ ಮುಗಿದಾಗ ಒಬ್ಬರು ಎದ್ದು ಹೋದರು, ಇನ್ನೊಬ್ಬರು ಬಂದು ಕುಳಿತರು. ಸದಾ ಎಚ್ಚರ ಬೇಡುವ ಕೆಲಸವನ್ನು ದಣಿದ ಮನುಷ್ಯನ ಕೈಗೆ ಒಪ್ಪಿಸಬಾರದು ಎಂಬುದು ಸುರಕ್ಷತಾ ವಿಜ್ಞಾನದ ಮೊದಲ ಪಾಠಗಳಲ್ಲಿ ಒಂದು.

ಹೀಗೆಯೇ ಸದಾ ಎಚ್ಚರ ಬೇಡುವ, ಆದರೆ ಪಾಳಿಯೇ ಇಲ್ಲದ ಕೆಲಸವೊಂದು ನಮ್ಮ ಎಷ್ಟೋ ಮನೆಗಳಲ್ಲಿ ನಡೆಯುತ್ತಿದೆ. ಅದು ಬೈಪೋಲಾರ್ ಎಂಬ ಮನೋವ್ಯಾಧಿ ಇರುವ ಹಿರಿಯರ ಆರೈಕೆ. ಈ ಕೆಲಸ ಮಾಡುವವರು ಸಾಮಾನ್ಯವಾಗಿ ಹೆಂಡತಿ, ಗಂಡ, ಮಗಳು ಅಥವಾ ಸೊಸೆ. ಅವರ ಬಳಲಿಕೆಯನ್ನು ನಾವು ಮನೆಯ ಖಾಸಗಿ ಕಷ್ಟ ಎಂದು ಭಾವಿಸಿ ಸುಮ್ಮನಾಗುತ್ತೇವೆ. ಆದರೆ ಇದು ಚಿಕಿತ್ಸೆಯ ಸುರಕ್ಷತೆಗೆ ಸಂಬಂಧಿಸಿದ ಪ್ರಶ್ನೆಯೂ ಹೌದು. ಹೇಗೆ ಎಂಬುದನ್ನು ಇಲ್ಲಿ ನೋಡೋಣ.

ಎರಡು ಧ್ರುವಗಳ ಕಾಯಿಲೆ

ಬೈಪೋಲಾರ್ ಎಂದರೆ ಎರಡು ಧ್ರುವಗಳುಳ್ಳದ್ದು. ಇದಕ್ಕೆ ಉನ್ಮಾದ-ಖಿನ್ನತೆ ಕಾಯಿಲೆ ಎಂಬ ಹೆಸರೂ ಉಂಟು. ಒಂದು ಧ್ರುವ ಉನ್ಮಾದ. ಕನಿಷ್ಠ ಒಂದು ವಾರ ಕಾಲ ವ್ಯಕ್ತಿಯ ಉತ್ಸಾಹ ಅಥವಾ ಸಿಡಿಮಿಡಿ ಮಿತಿಮೀರಿರುತ್ತದೆ. ಎರಡು ಮೂರು ಗಂಟೆ ಮಲಗಿದರೂ ದಣಿವೆನಿಸುವುದಿಲ್ಲ. ಮಾತು ನಿಲ್ಲುವುದಿಲ್ಲ. ಕೈಯಲ್ಲಿದ್ದ ಹಣ ಕರಗುತ್ತದೆ, ಸಾಲವೂ ಆಗಬಹುದು. ಇನ್ನೊಂದು ಧ್ರುವ ಖಿನ್ನತೆ. ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲ, ಹಸಿವಿಲ್ಲ, ಬದುಕೇ ಬೇಡವೆನಿಸುತ್ತದೆ. ಈ ಎರಡರ ನಡುವೆ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ, ವ್ಯಕ್ತಿ ಎಲ್ಲರಂತೆಯೇ ಇರಬಹುದು. ಇದು ನಡತೆಯ ದೋಷವಲ್ಲ, ಹಟವೂ ಅಲ್ಲ. ಇದರಲ್ಲಿ ಅನುವಂಶೀಯತೆಯ ಪಾಲು ದೊಡ್ಡದು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸುಮಾರು ಶೇ. 0.5 ಮಂದಿ ಜೀವನದಲ್ಲಿ ಒಮ್ಮೆಯಾದರೂ ಈ ಕಾಯಿಲೆಗೆ ಒಳಗಾಗಿರುತ್ತಾರೆ. ಅಂದರೆ 200 ಜನರಲ್ಲಿ ಒಬ್ಬರು. ಸಮೀಕ್ಷೆಯ ಹೊತ್ತಿಗೆ ಕಾಯಿಲೆ ಇದ್ದವರಲ್ಲಿ ಹತ್ತಕ್ಕೆ ಏಳು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಚಿಕಿತ್ಸೆ ಇಲ್ಲದ ರೋಗಿಯನ್ನು ಸಂಭಾಳಿಸುವವರು ಯಾರು? ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ, ಅವರ ಮನೆಯವರೇ.

ವಯಸ್ಸಾದಾಗ ಬದಲಾಗುವುದೇನು?

ಬೈಪೋಲಾರ್ ಸಾಮಾನ್ಯವಾಗಿ ಯೌವನದಲ್ಲಿ ಕಾಣಿಸಿಕೊಳ್ಳುವ ಕಾಯಿಲೆ. ಆದರೆ ಅದು ವಯಸ್ಸಿನೊಂದಿಗೆ ಮಾಯವಾಗುವುದಿಲ್ಲ. ಇಪ್ಪತ್ತೈದರಲ್ಲಿ ಕಾಯಿಲೆ ಬಂದವರು ಎಪ್ಪತ್ತಕ್ಕೂ ಅದರೊಂದಿಗೇ ಬದುಕುತ್ತಾರೆ. ಸುಮಾರು ಶೇ. 5ರಿಂದ 10 ರೋಗಿಗಳಲ್ಲಿ 50 ವರ್ಷ ದಾಟಿದ ಮೇಲೆಯೇ ಮೊದಲ ಬಾರಿ ತಲೆದೋರುತ್ತದೆ. ಇಳಿವಯಸ್ಸಿನಲ್ಲಿ ಹೊಸದಾಗಿ ಉನ್ಮಾದ ಕಂಡುಬಂದರೆ ಪಾರ್ಶ್ವವಾಯು, ಥೈರಾಯ್ಡ್ ದೋಷ, ಸ್ಟಿರಾಯ್ಡ್‌ನಂಥ ಔಷಧ ಮುಂತಾದ ದೈಹಿಕ ಕಾರಣಗಳಿವೆಯೇ ಎಂದು ವೈದ್ಯರು ಮೊದಲು ಪರೀಕ್ಷಿಸುತ್ತಾರೆ.

ಹಿರಿಯರಲ್ಲಿ ಈ ಕಾಯಿಲೆ ಒಂಟಿಯಾಗಿ ಇರುವುದು ವಿರಳ. ಜೊತೆಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮಂಡಿನೋವು, ಮಂದವಾದ ಕಿವಿ ಇರುತ್ತವೆ. ನೆನಪು ಮತ್ತು ಗಮನ ಕುಂದುವುದೂ ಇವರಲ್ಲಿ ಹೆಚ್ಚು. ಆದ್ದರಿಂದ ಮಾತ್ರೆ ನುಂಗಿದರೋ ಇಲ್ಲವೋ ಎಂಬುದನ್ನು ಅವರೇ ನೆನಪಿಟ್ಟುಕೊಳ್ಳುತ್ತಾರೆಂದು ನಂಬುವಂತಿಲ್ಲ. ನೋಡಿಕೊಳ್ಳುವವರಿಗೂ ಇಲ್ಲಿ ವಯಸ್ಸಾಗಿರುತ್ತದೆ. ಎಪ್ಪತ್ತರ ಗಂಡನನ್ನು ನೋಡಿಕೊಳ್ಳುವವಳು ಅರವತ್ತೈದರ ಹೆಂಡತಿ. ಮಕ್ಕಳು ಗೋವಾದಲ್ಲೋ, ಮುಂಬಯಿಯಲ್ಲೋ, ಬೆಂಗಳೂರಿನಲ್ಲೋ ಉದ್ಯೋಗದಲ್ಲಿದ್ದಾರೆ. ನೌಕರಿಗಾಗಿ ದೂರದಿಂದ ಬಂದು ನೆಲೆಸಿದ ಕುಟುಂಬವಾದರೆ ಕರೆದೊಡನೆ ಬರುವ ನೆಂಟರೂ ಹತ್ತಿರದಲ್ಲಿರುವುದಿಲ್ಲ.

ಲಿಥಿಯಂ, ಉಪ್ಪು ಮತ್ತು ಮೂತ್ರಪಿಂಡ

ಆರೈಕೆದಾರರ ಎಚ್ಚರ ಏಕೆ ಅಷ್ಟು ಮುಖ್ಯ ಎಂದು ತಿಳಿಯಲು ಒಂದು ಔಷಧದ ರಸಾಯನ ವಿಜ್ಞಾನವನ್ನು ನೋಡುವುದು ಒಳ್ಳೆಯದು. ಬೈಪೋಲಾರ್‌ಗೆ ಹಲವು ಔಷಧಗಳಿವೆ. ಅವುಗಳಲ್ಲಿ ಲಿಥಿಯಂ ಹಳೆಯದು, ಇಂದಿಗೂ ಅತ್ಯಂತ ಪರಿಣಾಮಕಾರಿಯಾದವುಗಳಲ್ಲಿ ಒಂದು. ಆಸ್ಟ್ರೇಲಿಯದ ವೈದ್ಯ ಜಾನ್ ಕೇಡ್ ಉನ್ಮಾದದ ಮೇಲೆ ಇದರ ಪರಿಣಾಮವನ್ನು 1949ರಲ್ಲಿ ಪ್ರಕಟಿಸಿದರು. ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುವ ಗುಣವೂ ಇದಕ್ಕಿದೆ.

ಆವರ್ತ ಕೋಷ್ಟಕದಲ್ಲಿ ಲಿಥಿಯಂನ ಸ್ಥಾನ ಸೋಡಿಯಂನ ನೇರ ಮೇಲೆ. ಎರಡೂ ಕ್ಷಾರ ಲೋಹಗಳು, ಎರಡರ ಅಯಾನುಗಳಿಗೂ ಒಂದೇ ಧನ ಆವೇಶ. ಮೂತ್ರಪಿಂಡವು ಲಿಥಿಯಂ ಅಯಾನನ್ನು ಹೆಚ್ಚುಕಡಿಮೆ ಸೋಡಿಯಂನಂತೆಯೇ ನಡೆಸಿಕೊಳ್ಳುತ್ತದೆ. ಬೆವರು, ವಾಂತಿ, ಭೇದಿಯಿಂದ ದೇಹದಲ್ಲಿ ನೀರು ಮತ್ತು ಸೋಡಿಯಂ ಕಡಿಮೆಯಾದಾಗ ಮೂತ್ರಪಿಂಡ ಸೋಡಿಯಂ ಅನ್ನು ಹೊರಬಿಡದೆ ರಕ್ತಕ್ಕೆ ಮರಳಿಸುತ್ತದೆ. ಅದರ ಜೊತೆಯಲ್ಲೇ ಲಿಥಿಯಂ ಕೂಡ ಮರಳುತ್ತದೆ. ಲಿಥಿಯಂ ಯಕೃತ್ತಿನಲ್ಲಿ ವಿಘಟನೆಯಾಗುವುದಿಲ್ಲ. ಮೂತ್ರದ ಮೂಲಕ ಹೋಗದಿದ್ದರೆ ಅದು ರಕ್ತದಲ್ಲಿ ಶೇಖರವಾಗುತ್ತದೆ.

ವಯಸ್ಸಾದಂತೆ ಮೂತ್ರಪಿಂಡದ ಸೋಸುವ ಶಕ್ತಿ ಕುಗ್ಗುತ್ತದೆ. ಯುವಕರಲ್ಲಿ ಲಿಥಿಯಂನ ಅರ್ಧಾಯು ಸುಮಾರು 24 ಗಂಟೆ ಎಂದುಕೊಂಡರೆ ಹಿರಿಯರಲ್ಲಿ ಅದು 36 ಗಂಟೆಗೆ ಏರಬಹುದು. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ. ಮಾತ್ರೆ ನಿಲ್ಲಿಸಿ 72 ಗಂಟೆ ಕಳೆದಾಗ ಯುವಕರ ರಕ್ತದಲ್ಲಿ ಮೊದಲಿದ್ದುದರ ಎಂಟನೆಯ ಒಂದು ಭಾಗ ಉಳಿದಿದ್ದರೆ, ಹಿರಿಯರ ರಕ್ತದಲ್ಲಿ ನಾಲ್ಕನೆಯ ಒಂದು ಭಾಗ ಉಳಿದಿರುತ್ತದೆ. ಈ ಕಾರಣಕ್ಕೇ ಹಿರಿಯರಲ್ಲಿ ರಕ್ತದ ಲಿಥಿಯಂ ಮಟ್ಟವನ್ನು ಸಾಮಾನ್ಯವಾಗಿ ಲೀಟರಿಗೆ 0.4ರಿಂದ 0.8 ಮಿಲಿಮೋಲ್ ಒಳಗೆ ಇರಿಸಲು ವೈದ್ಯರು ಪ್ರಯತ್ನಿಸುತ್ತಾರೆ. ಕೊನೆಯ ಮಾತ್ರೆಯ ನಂತರ 12 ಗಂಟೆ ಬಿಟ್ಟು ರಕ್ತ ಪರೀಕ್ಷೆ ಮಾಡಬೇಕು. ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆಗಳನ್ನೂ ಕಾಲಕಾಲಕ್ಕೆ ಮಾಡಿಸಬೇಕು.

ಈಗ ಕರಾವಳಿಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಏಪ್ರಿಲ್ ತಿಂಗಳ ಸೆಕೆ. ಲಿಥಿಯಂ ಸೇವಿಸುತ್ತಿರುವ ಎಪ್ಪತ್ತರ ಅಜ್ಜನಿಗೆ ರಕ್ತದೊತ್ತಡವೂ ಇದೆ. ಯಾರೋ ಹೇಳಿದರೆಂದು ಊಟದಲ್ಲಿ ಉಪ್ಪನ್ನು ಪೂರ್ತಿ ಬಿಟ್ಟಿದ್ದಾರೆ. ಮಂಡಿನೋವಿಗೆ ಅಂಗಡಿಯಿಂದ ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್ ತಂದು ನುಂಗುತ್ತಿದ್ದಾರೆ. ಎರಡು ದಿನ ಭೇದಿಯಾಗಿದೆ. ಇಲ್ಲಿ ಪ್ರತಿಯೊಂದು ಸಂಗತಿಯೂ ಬೇರೆ ಬೇರೆಯಾಗಿ ನೋಡಿದರೆ ಸಾಮಾನ್ಯ. ಆದರೆ ಉಪ್ಪು ಬಿಟ್ಟದ್ದು, ಬೆವರು, ಭೇದಿ, ನೋವಿನ ಮಾತ್ರೆ ಎಲ್ಲವೂ ರಕ್ತದ ಲಿಥಿಯಂ ಮಟ್ಟವನ್ನು ಒಂದೇ ದಿಕ್ಕಿಗೆ, ಮೇಲಕ್ಕೆ, ತಳ್ಳುತ್ತವೆ. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳಿಗೂ, ಉದಾಹರಣೆಗೆ ಥಯಾಜೈಡ್ ಗುಂಪಿನವು, ಎನಾಲಾಪ್ರಿಲ್, ಲೊಸಾರ್ಟಾನ್‌ಗಳಿಗೆ, ಇದೇ ಪರಿಣಾಮವಿದೆ.

ಮಟ್ಟ ಏರಿದಾಗ ಕೈ ಜೋರಾಗಿ ನಡುಗುತ್ತದೆ, ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ, ವಾಂತಿ ಮತ್ತು ಗೊಂದಲ ಶುರುವಾಗುತ್ತವೆ. ಆಗ ಮುಂದಿನ ಮಾತ್ರೆ ಕೊಡದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಆದರೆ ವಯಸ್ಸಾಯಿತು, ನಡುಕ ಸಹಜ ಎಂದುಕೊಂಡರೆ ಅಪಾಯ ಕೈಮೀರುತ್ತದೆ. ನಿನ್ನೆಗೂ ಇಂದಿಗೂ ಇರುವ ವ್ಯತ್ಯಾಸವನ್ನು ಗುರುತಿಸಬಲ್ಲವರು ಜೊತೆಯಲ್ಲಿರುವವರು ಮಾತ್ರ. ಉನ್ಮಾದ ಮರಳುವುದನ್ನೂ ಮೊದಲು ಕಾಣುವವರು ಅವರೇ. ನಿದ್ರೆ ಕಡಿಮೆಯಾಗುವುದು ಅದರ ಆರಂಭದ ಸೂಚನೆಗಳಲ್ಲಿ ಒಂದು. ಪ್ರಯೋಗಾಲಯದ ವರದಿ ಮೂರು ತಿಂಗಳಿಗೊಮ್ಮೆ ಬರುತ್ತದೆ. ಮನೆಯವರ ಕಣ್ಣು ದಿನವೂ ಕೆಲಸ ಮಾಡುತ್ತದೆ. ಆ ಕಣ್ಣು ನಿದ್ದೆಗೆಟ್ಟು ಮಂಜಾದರೆ ರೋಗಿಯ ಸುರಕ್ಷತೆಯ ಒಂದು ಉಪಕರಣವೇ ಕೆಟ್ಟಂತೆ.

ಒಂದು ಎಚ್ಚರಿಕೆ. ಇದನ್ನು ಓದಿ ಲಿಥಿಯಂಗೆ ಹೆದರಬೇಕಾಗಿಲ್ಲ. ವೈದ್ಯರನ್ನು ಕೇಳದೆ ಅದನ್ನು ದಿಢೀರನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು. ಉಪ್ಪು ಮತ್ತು ನೀರಿನ ಪ್ರಮಾಣ ದಿನದಿಂದ ದಿನಕ್ಕೆ ಏಕರೀತಿಯಲ್ಲಿರಬೇಕು ಎಂಬುದಷ್ಟೇ ನಿಯಮ.

ಹೊರೆಯನ್ನು ಅಳೆಯಬಹುದೇ?

ಬಳಲಿಕೆ ಮನಸ್ಸಿಗೆ ಸಂಬಂಧಿಸಿದ್ದು, ಅದನ್ನು ಅಳೆಯುವುದು ಹೇಗೆ ಎಂದು ಕೇಳಬಹುದು. ಜೆ. ಹೋನಿಗ್ ಮತ್ತು ಎಂ. ಡಬ್ಲ್ಯು. ಹ್ಯಾಮಿಲ್ಟನ್ ಎಂಬ ಸಂಶೋಧಕರು 1966ರಲ್ಲಿ ಹೊರೆಯನ್ನು ಎರಡಾಗಿ ವಿಂಗಡಿಸಿದರು. ಖರ್ಚಾದ ಹಣ, ತಪ್ಪಿದ ಕೆಲಸ, ಕೆಟ್ಟ ನಿದ್ದೆಯಂತಹ ಎಣಿಸಬಹುದಾದವು ವಸ್ತುನಿಷ್ಠ ಹೊರೆ. ಅದನ್ನು ಹೊತ್ತವರಿಗೆ ಅನ್ನಿಸುವ ಭಾರ ವ್ಯಕ್ತಿನಿಷ್ಠ ಹೊರೆ. ಎರಡೂ ಸಮನಾಗಿರಬೇಕೆಂದಿಲ್ಲ.

ಈ ಅಳತೆಯ ಕೆಲಸದಲ್ಲಿ ಕರ್ನಾಟಕದ ಪಾಲು ಹಿರಿದು. ನಿಮ್ಹಾನ್ಸ್‌ನಲ್ಲಿದ್ದ ಮನೋವೈದ್ಯ ಆರ್. ಎಲ್. ಕಪೂರ್ ಮೊದಲು ಕರಾವಳಿಯ ಕೋಟದಲ್ಲಿ, ಜಿ. ಎಂ. ಕಾರ್‌ಸ್ಟೇರ್ಸ್ ಅವರೊಂದಿಗೆ, ಜನರ ಮಾನಸಿಕ ಆರೋಗ್ಯದ ಅಧ್ಯಯನ ನಡೆಸಿದ್ದರು. ಅದು 1976ರಲ್ಲಿ ಪುಸ್ತಕವಾಗಿ ಬಂತು. ಆಮೇಲೆ 1981ರಲ್ಲಿ ಎಸ್. ಪೈ ಮತ್ತು ಕಪೂರ್ ಮಾನಸಿಕ ರೋಗಿಗಳ ಕುಟುಂಬದ ಹೊರೆಯನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಅದರಲ್ಲಿ ಆರು ವಿಭಾಗಗಳಿವೆ: ಹಣಕಾಸು, ಮನೆಯ ದಿನಚರಿ, ಬಿಡುವು ಮತ್ತು ಮನರಂಜನೆ, ಮನೆಯವರ ಪರಸ್ಪರ ಸಂಬಂಧ, ಇತರರ ದೈಹಿಕ ಆರೋಗ್ಯ, ಇತರರ ಮಾನಸಿಕ ಆರೋಗ್ಯ. ಒಟ್ಟು 24 ಅಂಶಗಳು. ಪ್ರತಿಯೊಂದಕ್ಕೂ ಹೊರೆ ಇಲ್ಲದಿದ್ದರೆ 0, ಮಧ್ಯಮವಾಗಿದ್ದರೆ 1, ತೀವ್ರವಾಗಿದ್ದರೆ 2 ಅಂಕ. ಕೊನೆಗೆ, ನಿಮಗೆ ಒಟ್ಟಾರೆ ಎಷ್ಟು ಸಂಕಟವಾಗಿದೆ ಎಂಬ ಪ್ರಶ್ನೆ ಬೇರೆಯಾಗಿಯೇ ಇದೆ. ನಮ್ಮ ನಾಡಿನ ಕುಟುಂಬಗಳನ್ನು ಕಂಡು ರೂಪಿಸಿದ ಈ ಸಾಧನ ಭಾರತದ ಸಂಶೋಧನೆಗಳಲ್ಲಿ ಇಂದಿಗೂ ಬಳಕೆಯಲ್ಲಿದೆ.

ಬೈಪೋಲಾರ್‌ನ ಹೊರೆಗೆ ಒಂದು ವೈಶಿಷ್ಟ್ಯವಿದೆ. ಕಾಯಿಲೆ ಇಲ್ಲದ ದಿನಗಳಲ್ಲೂ ಅದು ಇಳಿಯುವುದಿಲ್ಲ. ರೋಗಿ ನಕ್ಕರೆ, ಇದು ಸಹಜ ನಗುವೋ ಉನ್ಮಾದದ ಆರಂಭವೋ ಎಂಬ ಶಂಕೆ. ಎರಡು ದಿನ ಮೌನವಾಗಿದ್ದರೆ ಖಿನ್ನತೆಯ ಭಯ. ಈ ಸತತ ಕಾಯುವಿಕೆ ಹೊರಗಿನವರಿಗೆ ಕಾಣುವುದಿಲ್ಲ. ಅಪ್ಪ ಈಗ ಚೆನ್ನಾಗಿದ್ದಾರಲ್ಲ, ನಿನಗೇನು ಕಷ್ಟ ಎಂದು ಊರಿನಿಂದ ಫೋನು ಮಾಡಿದವರು ಕೇಳಿಬಿಡುತ್ತಾರೆ.

ದಣಿವು ದೇಹಕ್ಕೆ ಇಳಿದಾಗ

ಅಪಾಯ ಎದುರಾದಾಗ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಅಲ್ಪಕಾಲಕ್ಕೆ ಅದು ಉಪಕಾರಿ. ಆದರೆ ಒತ್ತಡ ವರ್ಷಗಟ್ಟಲೆ ಮುಂದುವರಿದರೆ ಇದೇ ವ್ಯವಸ್ಥೆ ನಿದ್ರೆ, ರಕ್ತದೊತ್ತಡ, ರೋಗನಿರೋಧಕ ಶಕ್ತಿಗಳನ್ನು ಕೆಡಿಸುತ್ತದೆ.

ಇದಕ್ಕೆ ಸರಳವಾದೊಂದು ಪ್ರಯೋಗದ ಸಾಕ್ಷ್ಯವಿದೆ. ಅಮೆರಿಕದ ಓಹಾಯೊ ರಾಜ್ಯ ವಿಶ್ವವಿದ್ಯಾಲಯದ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು 1995ರಲ್ಲಿ ಇದನ್ನು ಪ್ರಕಟಿಸಿದರು. ಮರೆಗುಳಿ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರನ್ನೂ, ಅಷ್ಟೇ ವಯಸ್ಸಿನ, ಅಂಥ ಹೊಣೆಯಿಲ್ಲದ 13 ಮಹಿಳೆಯರನ್ನೂ ಅವರು ಆಯ್ದುಕೊಂಡರು. ಪ್ರತಿಯೊಬ್ಬರ ತೋಳಿನ ಮೇಲೂ 3.5 ಮಿಲಿಮೀಟರ್ ಅಳತೆಯ ಚಿಕ್ಕ ಗಾಯ ಮಾಡಿ ಅದು ಮಾಯುವುದನ್ನು ಗಮನಿಸಿದರು. ಹೊಣೆಯಿಲ್ಲದವರಲ್ಲಿ ಗಾಯ ಪೂರ್ತಿ ಮಾಯಲು ಸರಾಸರಿ 39.3 ದಿನ ಹಿಡಿದರೆ, ಆರೈಕೆದಾರರಲ್ಲಿ 48.7 ದಿನ ಹಿಡಿಯಿತು. ಸುಮಾರು ಒಂಬತ್ತು ದಿನ ಹೆಚ್ಚು. ಇದು ಬೈಪೋಲಾರ್‌ನ ಅಧ್ಯಯನವಲ್ಲ, ಪ್ರಯೋಗಕ್ಕೆ ಒಳಗಾದವರೂ ಕಡಿಮೆ. ಆದರೂ ಒಂದು ಮಾತು ಇದರಿಂದ ಸ್ಪಷ್ಟವಾಗುತ್ತದೆ. ಆರೈಕೆಯ ದಣಿವು ಬರಿಯ ಮನಸ್ಸಿನ ಭಾವನೆಯಲ್ಲ, ಚರ್ಮದ ಮೇಲೂ ಅದರ ಗುರುತು ಕಾಣುತ್ತದೆ.

ಹೊರೆ ಇಳಿದರೆ ಇಬ್ಬರಿಗೂ ಲಾಭ

ಬೈಪೋಲಾರ್ ಬಗ್ಗೆಯೇ ನಡೆದ ಅಧ್ಯಯನಗಳಲ್ಲಿ ಅಮೆರಿಕದ ಡೆಬೊರಾ ಪರ್ಲಿಕ್ ಮತ್ತು ಸಂಗಡಿಗರ ಕೆಲಸ ಮುಖ್ಯವಾದುದು. ಅವರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 266 ಆರೈಕೆದಾರರ ಪೈಕಿ ಶೇ. 93 ಮಂದಿ ಹೊರೆಯ ಒಂದಾದರೂ ವಿಭಾಗದಲ್ಲಿ ಮಧ್ಯಮ ಅಥವಾ ಅದಕ್ಕಿಂತ ಹೆಚ್ಚಿನ ಸಂಕಟವನ್ನು ಹೇಳಿಕೊಂಡರು. ಹೊರೆ ಹೆಚ್ಚಿದ್ದ ಮನೆಗಳಲ್ಲಿ ರೋಗಿಗಳು ಔಷಧವನ್ನು ಸರಿಯಾಗಿ ಸೇವಿಸುವುದು ಕಡಿಮೆಯಾಗುತ್ತದೆ, ಕಾಯಿಲೆ ಮರುಕಳಿಸುವುದು ಹೆಚ್ಚುತ್ತದೆ ಎಂಬುದನ್ನು ಅದೇ ತಂಡ 2004ರಲ್ಲಿ ತೋರಿಸಿತು.

ಹೊರೆಯನ್ನು ಇಳಿಸಿದರೆ ಏನಾಗುತ್ತದೆ? ಅದೇ ತಂಡ 2010ರಲ್ಲಿ 46 ರೋಗಿಗಳ ಆರೈಕೆದಾರರನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಆರೋಗ್ಯದ ಬಗ್ಗೆ ವಿಡಿಯೊ ತೋರಿಸಲಾಯಿತು. ಇನ್ನೊಂದಕ್ಕೆ 12ರಿಂದ 15 ಬೈಠಕ್‌ಗಳಲ್ಲಿ ಕಾಯಿಲೆಯನ್ನು ನಿಭಾಯಿಸುವ ಕೌಶಲವನ್ನೂ, ತಮ್ಮ ಆರೋಗ್ಯವನ್ನು ತಾವೇ ನೋಡಿಕೊಳ್ಳುವ ಕ್ರಮವನ್ನೂ ಕಲಿಸಲಾಯಿತು. ಎರಡನೆಯ ಗುಂಪಿನ ಆರೈಕೆದಾರರ ಖಿನ್ನತೆ ತಗ್ಗಿತು. ಈ ಬೈಠಕ್‌ಗಳಲ್ಲಿ ಭಾಗವಹಿಸದಿದ್ದ ರೋಗಿಗಳ ಖಿನ್ನತೆಯೂ ತಗ್ಗಿತು. ಅಂದರೆ ಆರೈಕೆದಾರರಿಗೆ ಕೊಡುವ ನೆರವು ರೋಗಿಯ ಚಿಕಿತ್ಸೆಯ ಒಂದು ಭಾಗ.

ಈ ತಿಳಿವು ನಮ್ಮ ದೇಶಕ್ಕೆ ತೀರಾ ಹೊಸದಲ್ಲ. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ವೈದ್ಯ ವಿದ್ಯಾಸಾಗರ್ 1950ರ ದಶಕದಲ್ಲಿಯೇ ರೋಗಿಗಳ ಮನೆಯವರನ್ನು ಆಸ್ಪತ್ರೆಯ ಆವರಣದ ಡೇರೆಗಳಲ್ಲಿ ಉಳಿಸಿಕೊಂಡು ಅವರಿಗೂ ತಿಳಿವಳಿಕೆ ಕೊಡುತ್ತಿದ್ದರು.

ಪಾಳಿ ಕಟ್ಟುವ ಬಗೆ

ಮನೆಯವರು ಮಾಡಬಹುದಾದ ಕೆಲವು ಸಂಗತಿಗಳು ಇಲ್ಲಿವೆ.

1. ಒಂದು ನೋಟ್‌ಬುಕ್ಕಿನಲ್ಲಿ ದಿನವೂ ನಾಲ್ಕು ಅಂಶ ಬರೆಯಿರಿ: ನಿದ್ರೆಯ ಗಂಟೆಗಳು, ಮಾತ್ರೆ, ನಡುಕ ಅಥವಾ ನಡಿಗೆಯ ಬದಲಾವಣೆ, ಮನಸ್ಥಿತಿ. ನೆನಪಿನ ಭಾರ ಕಾಗದಕ್ಕೆ ಇಳಿಯುತ್ತದೆ. ಬೇರೊಬ್ಬರು ಬಂದು ಕುಳಿತರೂ ಓದಿ ತಿಳಿಯಬಹುದು.

2. ವಾರಕ್ಕೊಂದು ದಿನವಾದರೂ, ತಿಂಗಳಿಗೆ ಎರಡು ರಾತ್ರಿಯಾದರೂ ಮುಖ್ಯ ಆರೈಕೆದಾರರಿಗೆ ಬಿಡುವು ಸಿಗಲಿ. ದೂರದಲ್ಲಿರುವ ಮಕ್ಕಳು ಹಣ ಕಳಿಸುವುದರ ಜೊತೆಗೆ ತಮ್ಮ ರಜೆಯ ಒಂದು ಪಾಲನ್ನೂ ಕೊಡಬೇಕು.

3. ಯಾವ ಹೊಸ ವೈದ್ಯರ ಬಳಿ ಹೋದರೂ, ಅಂಗಡಿಯಲ್ಲಿ ನೋವಿನ ಮಾತ್ರೆ ಕೊಳ್ಳುವಾಗಲೂ, ಲಿಥಿಯಂ ಸೇವಿಸುತ್ತಿರುವುದನ್ನು ಮೊದಲು ಹೇಳಿ.

4. ರೋಗಿ ಆರೋಗ್ಯವಾಗಿರುವಾಗಲೇ ಹಣಕಾಸಿನ ಬಗ್ಗೆ, ಮುಂದಿನ ಚಿಕಿತ್ಸೆಯ ಬಗ್ಗೆ ಅವರೊಂದಿಗೇ ಮಾತಾಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ ವ್ಯಕ್ತಿಯು ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂಬುದನ್ನು ಮುಂಗಡವಾಗಿ ಬರೆದಿಡಬಹುದು, ತನ್ನ ಪರವಾಗಿ ನಿಲ್ಲುವ ಪ್ರತಿನಿಧಿಯನ್ನು ಹೆಸರಿಸಬಹುದು. ಬಿಕ್ಕಟ್ಟಿನ ರಾತ್ರಿ ಒಬ್ಬಳೇ ಎಲ್ಲವನ್ನೂ ತೀರ್ಮಾನಿಸಬೇಕಾದ ಭಾರ ಇದರಿಂದ ಕಡಿಮೆಯಾಗುತ್ತದೆ.

5. ಮಳೆಗಾಲಕ್ಕೆ ಮುಂಚೆ ಔಷಧವನ್ನು ವೈದ್ಯರ ಸಲಹೆಯಂತೆ ಸಾಕಷ್ಟು ತಂದಿಡಿ. ಉತ್ತರ ಕನ್ನಡದಲ್ಲಿ ಇದು ಸಣ್ಣ ಮಾತಲ್ಲ. ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ 2019ರಲ್ಲೂ 2021ರಲ್ಲೂ ಕಾಳಿ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತ್ತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ ಮುಚ್ಚಿತು. ಅದೇ ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ರಸ್ತೆ ಕಡಿದ ವಾರದಲ್ಲಿ ಮಾತ್ರೆ ಮುಗಿದರೆ ಅದರ ಪರಿಣಾಮವನ್ನು ಅನುಭವಿಸುವವರು ರೋಗಿ ಮತ್ತು ಆರೈಕೆದಾರರು.

6. ನೆರವು ಕೇಳಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ ಮಾತಾಡಬಹುದು. ರೋಗಿಯಷ್ಟೇ ಅಲ್ಲ, ಅವರನ್ನು ನೋಡಿಕೊಳ್ಳುವವರೂ ತಮಗಾಗಿಯೇ ಕರೆ ಮಾಡಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರ ಭೇಟಿಯ ದಿನಗಳನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಹೆಚ್ಚಿನ ಚಿಕಿತ್ಸೆಗೆ ಘಟ್ಟದ ಮೇಲೆ ಧಾರವಾಡದಲ್ಲಿ ಡಿಮ್ಹಾನ್ಸ್ ಸಂಸ್ಥೆ ಇದೆ.

ಆರೈಕೆದಾರರಿಗೇ ಎರಡು ವಾರ ಮೀರಿ ನಿದ್ರೆ ಬಾರದಿದ್ದರೆ, ಯಾವುದೂ ಬೇಡವೆನಿಸಿದರೆ, ಅದು ಸೋಮಾರಿತನವೋ ಪ್ರೀತಿಯ ಕೊರತೆಯೋ ಅಲ್ಲ. ಅವರಿಗೂ ಚಿಕಿತ್ಸೆ ಬೇಕು. ಬದುಕು ಸಾಕೆನಿಸಿದರೆ ಎರಡು ವಾರ ಕಾಯದೆ ಅಂದೇ ನೆರವು ಪಡೆಯಬೇಕು.

ಶಿಕ್ಷಕರ ಗಮನಕ್ಕೆ

ತರಗತಿಯಲ್ಲಿ ತೂಕಡಿಸುವ, ಮನೆಪಾಠ ತಪ್ಪಿಸುವ ಹುಡುಗಿಯೊಬ್ಬಳ ಮನೆಯಲ್ಲಿ ರಾತ್ರಿಯಿಡೀ ಅಜ್ಜಿ ಎದ್ದು ಓಡಾಡುತ್ತಿರಬಹುದು, ಅಮ್ಮನೊಂದಿಗೆ ಇವಳೂ ಕಾವಲು ಕೂತಿರಬಹುದು. ಗದರಿಸುವ ಮೊದಲು ಒಂಟಿಯಾಗಿ ಕರೆದು ಕೇಳುವುದು ಒಳ್ಳೆಯದು. ಮಾನಸಿಕ ಕಾಯಿಲೆಯ ಹೆಸರು ಹೇಳಿ ಹಾಸ್ಯ ಮಾಡುವ ಅಭ್ಯಾಸ ಶಾಲೆಯಲ್ಲಿ ಇರದಂತೆ ನೋಡಿಕೊಳ್ಳಬೇಕು. ಅವಮಾನದ ಭಯವಿರುವ ಮನೆಯವರು ನೆರವು ಕೇಳುವುದಿಲ್ಲ, ಕೇಳದವರಿಗೆ ಪಾಳಿ ಬದಲಿಸಲು ಯಾರೂ ಬರುವುದಿಲ್ಲ.

ಕ್ಷಾರ ಲೋಹಗಳ ಪಾಠ ಮಾಡುವಾಗ ಲಿಥಿಯಂ ಎಂದರೆ ಬ್ಯಾಟರಿಯ ಜೊತೆಗೆ ಈ ಔಷಧವನ್ನೂ ಹೇಳಬಹುದು. ಅರ್ಧಾಯುವಿನ ಲೆಕ್ಕಕ್ಕೂ ಇದು ಒಳ್ಳೆಯ ಉದಾಹರಣೆ. ತರಗತಿಯ ಯಾವ ಬೆಂಚಿನಲ್ಲಿ ಕುಳಿತ ಮಗುವಿಗೆ ಇದು ಮನೆಯ ವಿಷಯವೆಂದು ಶಿಕ್ಷಕರಿಗೆ ತಿಳಿದಿರಬೇಕಾಗಿಲ್ಲ. ಕೇಳಿದ ಮಗು ಮನೆಗೆ ಹೋಗಿ, ಅಜ್ಜನ ಕೈ ಏಕೆ ಹೀಗೆ ನಡುಗುತ್ತಿದೆ ಎಂದು ಒಮ್ಮೆ ಕೇಳಿದರೆ ಆ ಪಾಠ ಸಾರ್ಥಕವಾದಂತೆ.